ದಪ್ಪ ಓರೆ ಸ್ಲ್ಯಾಬ್ ಸೆರಿಫ್ ಅಕ್ಷರಗಳು: ಸ್ವರೂಪ, ಉಪಯೋಗ ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಅರ್ಜಿ, ಮನವಿ, ಅಫಿಡವಿಟ್ ಹಾಗೂ ಸ್ವಯಂ ಘೋಷಣೆಗಳನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಿ ಸರ್ಕಾರಿ ಕಚೇರಿಗಳಿಗೆ ಸಲ್ಲಿಸುವುದು ಈಗ ರೂಢಿಯಾಗಿದೆ. ಬೆರಳಚ್ಚು ಯಂತ್ರದ ಕಾಲದಲ್ಲಿ ಯಂತ್ರದಲ್ಲಿದ್ದ ಅಕ್ಷರವೇ ಕಾಗದದ ಮೇಲೆ ಮೂಡುತ್ತಿತ್ತು; ಆಯ್ಕೆಯ ಪ್ರಶ್ನೆ ಉದ್ಭವಿಸುತ್ತಿರಲಿಲ್ಲ. ಗಣಕಯಂತ್ರದಲ್ಲಿ ಹತ್ತಾರು ಅಕ್ಷರಶೈಲಿಗಳು, ಅಂದರೆ ಫಾಂಟ್‌ಗಳು, ಲಭ್ಯವಿದ್ದು, ಪ್ರತಿಯೊಂದನ್ನೂ ದಪ್ಪವಾಗಿ ಅಥವಾ ಓರೆಯಾಗಿ ಮಾಡಿಕೊಳ್ಳುವ ಅವಕಾಶವಿದೆ. ಅರ್ಜಿಯು ಎದ್ದು ಕಾಣಲೆಂಬ ಉದ್ದೇಶದಿಂದ ಕೆಲವರು ಇಡೀ ಪುಟವನ್ನೇ ದಪ್ಪ ಓರೆ ಅಕ್ಷರಗಳಲ್ಲಿ ಮುದ್ರಿಸುವುದುಂಟು.

ಈ ಕ್ರಮದಿಂದ ಅರ್ಜಿದಾರರಿಗೆ ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚು. ಹೆಸರಿನ ಒಂದು ಅಕ್ಷರ ಅಥವಾ ಬ್ಯಾಂಕ್ ಖಾತೆಯ ಒಂದು ಅಂಕಿ ತಪ್ಪಾಗಿ ಓದಲ್ಪಟ್ಟಲ್ಲಿ ಅರ್ಜಿಯು ತಿದ್ದುಪಡಿಗಾಗಿ ಹಿಂದಿರುಗಬಹುದು. ಪಿಂಚಣಿ, ವಿದ್ಯಾರ್ಥಿವೇತನ ಮುಂತಾದವುಗಳ ಜಮೆ ತಡವಾಗಬಹುದು. ಆದ್ದರಿಂದ ದಪ್ಪ ಓರೆ ಸ್ಲ್ಯಾಬ್ ಸೆರಿಫ್ ಎಂಬ ಅಕ್ಷರರೂಪವು ಏನು, ಯಾವ ಕೆಲಸಕ್ಕಾಗಿ ರೂಪುಗೊಂಡಿತು, ಎಲ್ಲಿ ಬಳಸಿದರೆ ಒಳಿತು ಮತ್ತು ಎಲ್ಲಿ ಸಲ್ಲದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಪದಗಳ ವಿವರಣೆ

ಸೆರಿಫ್: ರೋಮನ್ ಲಿಪಿಯ ಅಕ್ಷರದ ಗೆರೆಗಳ ತುದಿಯಲ್ಲಿರುವ ಚಿಕ್ಕ ಅಡ್ಡಗೆರೆ ಅಥವಾ ಪಾದ. ಟೈಮ್ಸ್ ನ್ಯೂ ರೋಮನ್ ಅಕ್ಷರಗಳಲ್ಲಿ ಇದು ತೆಳ್ಳಗೆ, ಚೂಪಾಗಿರುತ್ತದೆ. ಏರಿಯಲ್ ಅಕ್ಷರಗಳಲ್ಲಿ ಸೆರಿಫ್ ಇರುವುದಿಲ್ಲ.

ಸ್ಲ್ಯಾಬ್ ಸೆರಿಫ್: ಈ ಪಾದವು ತೆಳ್ಳಗಿರದೆ ಹಲಗೆಯಂತೆ ದಪ್ಪವಾಗಿ, ಚೌಕಾಕಾರವಾಗಿರುವ ಶೈಲಿ. ಇಂತಹ ಅನೇಕ ಅಕ್ಷರಗಳಲ್ಲಿ ಪಾದದ ದಪ್ಪವು ಅಕ್ಷರದ ಕಂಬದ ದಪ್ಪಕ್ಕೆ ಹೆಚ್ಚುಕಡಿಮೆ ಸಮನಾಗಿರುತ್ತದೆ.

ದಪ್ಪ ಅಕ್ಷರ (ಬೋಲ್ಡ್): ಗೆರೆಗಳು ಸಾಮಾನ್ಯಕ್ಕಿಂತ ಹೆಚ್ಚು ಅಗಲವಾಗಿರುವ ರೂಪ.

ಓರೆ ಅಕ್ಷರ (ಇಟಾಲಿಕ್): ಬಲಕ್ಕೆ ವಾಲಿದ ರೂಪ.

ಈ ಮೂರೂ ಗುಣಗಳು ಒಂದರಲ್ಲಿ ಕೂಡಿದಾಗ ದೊರೆಯುವುದೇ ದಪ್ಪ ಓರೆ ಸ್ಲ್ಯಾಬ್ ಸೆರಿಫ್ ಅಕ್ಷರ.

3. ಹಿನ್ನೆಲೆ

ಈ ಮೂರು ಗುಣಗಳು ಒಂದೇ ಕಾಲದಲ್ಲಿ ಹುಟ್ಟಿದವುಗಳಲ್ಲ. ಒಂದೇ ಉದ್ದೇಶಕ್ಕಾಗಿ ಹುಟ್ಟಿದವುಗಳೂ ಅಲ್ಲ.

ಓರೆ ಅಕ್ಷರವು ಇವುಗಳಲ್ಲಿ ಅತ್ಯಂತ ಹಳೆಯದು. ಇಟಲಿಯ ವೆನಿಸ್ ನಗರದ ಮುದ್ರಕ ಆಲ್ಡಸ್ ಮನುಟಿಯಸ್‌ಗಾಗಿ ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲಕರ್ಮಿಯು ಕೈಬರಹವನ್ನು ಅನುಸರಿಸಿ ಇದನ್ನು ಕೊರೆದನು. 1501ರಲ್ಲಿ ಪ್ರಕಟವಾದ ವರ್ಜಿಲ್ ಕವಿಯ ಕೃತಿಯು ಪೂರ್ಣವಾಗಿ ಈ ಅಕ್ಷರಗಳಲ್ಲಿ ಮುದ್ರಿತವಾಯಿತು. ಆಗ ಅದು ಒಂದು ಪದಕ್ಕೆ ಒತ್ತು ಕೊಡುವ ಸಾಧನವಾಗಿರದೆ, ಇಡೀ ಪುಸ್ತಕವನ್ನು ಮುದ್ರಿಸುವ ಅಕ್ಷರವೇ ಆಗಿತ್ತು. ನೇರ ಅಕ್ಷರಗಳ ನಡುವೆ ಒಂದು ಪದವನ್ನು ಬೇರ್ಪಡಿಸಿ ತೋರಿಸಲು ಓರೆ ಅಕ್ಷರವನ್ನು ಬಳಸುವ ಪದ್ಧತಿ ನಂತರ ಬೆಳೆದುಬಂದಿತು.

ಸ್ಲ್ಯಾಬ್ ಸೆರಿಫ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಲಂಡನ್ನಿನ ವಿನ್ಸೆಂಟ್ ಫಿಗ್ಗಿನ್ಸ್ ಎಂಬ ಅಚ್ಚಿನ ಮೊಳೆ ತಯಾರಕನು 1815ರ ಸುಮಾರಿಗೆ ಇಂತಹ ಅಕ್ಷರಗಳ ಮಾದರಿಯನ್ನು ಪ್ರಕಟಿಸಿದನು. ಅಂದು ವ್ಯಾಪಾರದ ಜಾಹೀರಾತುಗಳು ಬೀದಿಯ ಗೋಡೆಗಳನ್ನು ತುಂಬುತ್ತಿದ್ದವು. ಪುಸ್ತಕದ ತೆಳು ಅಕ್ಷರಗಳು ದೂರದಿಂದ ಕಾಣಿಸುತ್ತಿರಲಿಲ್ಲವಾದ ಕಾರಣ, ದಾರಿಹೋಕನ ಕಣ್ಣನ್ನು ಹಿಡಿದು ನಿಲ್ಲಿಸಬಲ್ಲ ದೃಢವಾದ ಅಕ್ಷರಗಳ ಅಗತ್ಯ ಉಂಟಾಯಿತು. ಈ ಅಕ್ಷರಗಳಿಗೆ ‘ಈಜಿಪ್ಷಿಯನ್’ ಎಂಬ ಹೆಸರೂ ರೂಢಿಗೆ ಬಂದಿತು. 1798ರ ನೆಪೋಲಿಯನ್ನನ ದಂಡಯಾತ್ರೆಯ ನಂತರ ಯುರೋಪಿನಲ್ಲಿ ಈಜಿಪ್ಟಿನ ಬಗ್ಗೆ ಹಬ್ಬಿದ್ದ ಆಸಕ್ತಿಯ ಕಾಲದ ಹೆಸರಿದು. ಈಜಿಪ್ಟಿನ ಲಿಪಿಗೂ ಈ ಅಕ್ಷರಗಳಿಗೂ ಸಂಬಂಧವಿಲ್ಲ.

ದಪ್ಪ ಅಕ್ಷರವನ್ನು ಸಾಮಾನ್ಯ ಪಠ್ಯದ ಜೊತೆಗಾರನಾಗಿ ಬಳಸುವ ಪದ್ಧತಿಗೂ ಸ್ಲ್ಯಾಬ್ ಸೆರಿಫ್ ಶೈಲಿಯೇ ಆಧಾರವಾಯಿತು ಎಂಬುದು ಗಮನಾರ್ಹ. 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಅಚ್ಚಿನ ಮೊಳೆ ಕಾರ್ಖಾನೆಯ ರಾಬರ್ಟ್ ಬೆಸ್ಲಿ ‘ಕ್ಲಾರೆಂಡನ್’ ಎಂಬ ಅಕ್ಷರವನ್ನು ಹೊರತಂದನು. ಇದನ್ನು ಕೊರೆದವನು ಬೆಂಜಮಿನ್ ಫಾಕ್ಸ್. ನಿಘಂಟಿನಂತಹ ಪುಸ್ತಕಗಳಲ್ಲಿ ಮುಖ್ಯ ಪದವನ್ನು ದಪ್ಪವಾಗಿ ಹಾಗೂ ಅದರ ಅರ್ಥವನ್ನು ಸಾಮಾನ್ಯ ಅಕ್ಷರದಲ್ಲಿ ಒಂದೇ ಸಾಲಿನಲ್ಲಿ ಮುದ್ರಿಸಲು ಇದು ಅನುಕೂಲವಾಯಿತು. ಈ ವಿನ್ಯಾಸಕ್ಕೆ ಅಂದಿನ ಬ್ರಿಟಿಷ್ ಕಾನೂನಿನನ್ವಯ ಮೂರು ವರ್ಷಗಳ ರಕ್ಷಣೆ ದೊರೆತಿತ್ತು. ಅವಧಿ ಮುಗಿದೊಡನೆ ಇತರ ತಯಾರಕರು ಇದನ್ನು ನಕಲು ಮಾಡಿದ್ದರಿಂದ ಈ ಶೈಲಿ ಬಹುಬೇಗ ಎಲ್ಲೆಡೆ ಹರಡಿತು.

ಮೇಲ್ಕಂಡ ಇತಿಹಾಸದಿಂದ ತಿಳಿದುಬರುವ ಅಂಶವೆಂದರೆ, ದಪ್ಪ ಸ್ಲ್ಯಾಬ್ ಅಕ್ಷರದ ಕೆಲಸ ಕರೆಯುವುದು, ಪುಟಗಟ್ಟಲೆ ಓದಿಸುವುದಲ್ಲ. ನಿಘಂಟಿನ ಮುಖ್ಯ ಪದ ಎದ್ದು ಕಾಣುವುದು ಅದರ ಸುತ್ತಲಿನ ಅರ್ಥವಿವರಣೆಯು ದಪ್ಪವಾಗಿಲ್ಲದ ಕಾರಣದಿಂದ.

4. ಒಂದು ಉದಾಹರಣೆ: ರಾಕ್‌ವೆಲ್ ದಪ್ಪ ಓರೆ

ರಾಕ್‌ವೆಲ್ ಎಂಬುದು ಮೊನೊಟೈಪ್ ಸಂಸ್ಥೆಯು 1934ರಲ್ಲಿ ಹೊರತಂದ ಸ್ಲ್ಯಾಬ್ ಸೆರಿಫ್ ಶೈಲಿ. ಮೈಕ್ರೋಸಾಫ್ಟ್ ಆಫೀಸ್ ತಂತ್ರಾಂಶದೊಂದಿಗೆ ಇದು ದೊರೆಯುತ್ತಿದ್ದುದರಿಂದ ಅನೇಕ ಗಣಕಯಂತ್ರಗಳಲ್ಲಿ ಕಂಡುಬರುತ್ತದೆ. ಇದರ ಸಾಮಾನ್ಯ, ದಪ್ಪ, ಓರೆ ಹಾಗೂ ದಪ್ಪ ಓರೆ ರೂಪಗಳಿಗೆ ಪ್ರತ್ಯೇಕ ಕಡತಗಳಿವೆ. ದಪ್ಪ ಓರೆ ರೂಪದ ಮುಖ್ಯ ಲಕ್ಷಣಗಳು ಈ ಕೆಳಕಂಡಂತಿವೆ:

(ಅ) ಗೆರೆಗಳ ದಪ್ಪವು ಬಹುಪಾಲು ಏಕಪ್ರಕಾರವಾಗಿದೆ. ಟೈಮ್ಸ್ ನ್ಯೂ ರೋಮನ್‌ನಲ್ಲಿರುವಂತೆ ಒಂದೆಡೆ ತೀರ ತೆಳುವು, ಇನ್ನೊಂದೆಡೆ ದಪ್ಪ ಎಂಬ ಏರಿಳಿತ ಕಡಿಮೆ.

(ಆ) ಪಾದಗಳು ಕಂಬವನ್ನು ನೇರವಾಗಿ, ಮೂಲೆ ಕಟ್ಟಿ ಸೇರುತ್ತವೆ. ಕ್ಲಾರೆಂಡನ್‌ನಲ್ಲಾದರೋ ಈ ಸೇರುವೆಯಲ್ಲಿ ಬಾಗು ಇರುತ್ತದೆ.

(ಇ) ಇಂಗ್ಲಿಷ್ ದೊಡ್ಡಕ್ಷರ ‘ಓ’ ವೃತ್ತವನ್ನು ಆಧರಿಸಿದ ರೂಪವುಳ್ಳದ್ದು. ಸೊನ್ನೆ ಅದಕ್ಕಿಂತ ಕಿರಿದು.

(ಈ) ಓರೆ ಮಾಡಿದಾಗ ಕಂಬಗಳು ಮಾತ್ರ ಬಲಕ್ಕೆ ವಾಲುತ್ತವೆ. ಪಾದಗಳು ಸಾಲಿನ ಮೇಲೆ ಸಮತಟ್ಟಾಗಿಯೇ ನಿಲ್ಲುತ್ತವೆ. ಕಾಲು ನೆಲದಲ್ಲಿ ಊರಿ ದೇಹವನ್ನು ಮುಂದಕ್ಕೆ ಬಾಗಿಸಿದಂತಹ ಈ ನಿಲುವಿನಿಂದ ಅಕ್ಷರಕ್ಕೆ ಚಲನೆಯೂ ಭಾರವೂ ಏಕಕಾಲದಲ್ಲಿ ಬರುತ್ತವೆ.

ಈ ಲಕ್ಷಣಗಳಿಂದಾಗಿ ಇಂತಹ ಅಕ್ಷರಗಳು ಭಿತ್ತಿಪತ್ರ, ಕ್ರೀಡಾಕೂಟದ ಫಲಕ, ಅಂಗಡಿಯ ಹೆಸರು, ಪುಸ್ತಕದ ಹೊದಿಕೆ ಮುಂತಾದವುಗಳಿಗೆ ಒಪ್ಪುತ್ತವೆ. ಲಂಡನ್ನಿನ ಡಾಕ್‌ಲ್ಯಾಂಡ್ಸ್ ಲಘು ರೈಲು ವ್ಯವಸ್ಥೆಯು 1980ರ ದಶಕದ ಕೊನೆಯಲ್ಲಿ ರಾಕ್‌ವೆಲ್‌ನ ದಪ್ಪ ರೂಪವನ್ನು ಬಳಸಿತ್ತು.

ಸ್ಲ್ಯಾಬ್ ಸೆರಿಫ್ ಎಂದ ಮಾತ್ರಕ್ಕೆ ಓದಲು ಕಷ್ಟ ಎಂದು ಭಾವಿಸಬೇಕಾಗಿಲ್ಲ. 2007ರಲ್ಲಿ ಮಾರುಕಟ್ಟೆಗೆ ಬಂದ ಕಿಂಡಲ್ ಓದುಯಂತ್ರದ ಆರಂಭಿಕ ಮಾದರಿಗಳಲ್ಲಿ ಪುಸ್ತಕದ ಪಠ್ಯಕ್ಕೆ ಸಿಸಿಲಿಯಾ ಎಂಬ ಸ್ಲ್ಯಾಬ್ ಸೆರಿಫ್ ಅಕ್ಷರವನ್ನೇ ಬಳಸಲಾಗಿತ್ತು. ಆದರೆ ಅದು ನೇರವಾದ, ಸಾಮಾನ್ಯ ದಪ್ಪದ ರೂಪವಾಗಿತ್ತು. ತೊಂದರೆಯು ಶೈಲಿಯಿಂದಲ್ಲ, ದಪ್ಪ ಮತ್ತು ಓರೆ ಎಂಬ ಎರಡು ಒತ್ತುಗಳನ್ನು ಒಟ್ಟಾಗಿ ಉದ್ದನೆಯ ಪಠ್ಯಕ್ಕೆ ಹೇರುವುದರಿಂದ ಉಂಟಾಗುತ್ತದೆ.

5. ಬೆರಳಚ್ಚು ಯಂತ್ರದ ಅಕ್ಷರ

ಸಾರ್ವಜನಿಕರಿಗೆ ಹೆಚ್ಚು ಪರಿಚಿತವಾದ ಸ್ಲ್ಯಾಬ್ ಸೆರಿಫ್ ಎಂದರೆ ಇಂಗ್ಲಿಷ್ ಬೆರಳಚ್ಚು ಯಂತ್ರದ್ದು. ಸಾಮಾನ್ಯ ಯಂತ್ರದಲ್ಲಿ ಪ್ರತಿ ಅಕ್ಷರಕ್ಕೂ ಸಮಾನ ಅಗಲ ಮೀಸಲಿರುತ್ತದೆ. ಅಗಲವಾದ ‘ಎಂ’ಗೂ ಕಿರಿದಾದ ‘ಐ’ಗೂ ಒಂದೇ ಜಾಗ. ಕಿರಿದಾದ ಅಕ್ಷರಗಳಿಗೆ ಉದ್ದನೆಯ ಪಾದಗಳನ್ನು ಜೋಡಿಸಿ ಆ ಜಾಗವನ್ನು ತುಂಬಲಾಗುತ್ತಿತ್ತು. ಇಲ್ಲವಾದಲ್ಲಿ ಪದದ ನಡುವೆ ಖಾಲಿ ಬಿಟ್ಟಂತೆ ಕಾಣುತ್ತಿತ್ತು.

1950ರ ದಶಕದಲ್ಲಿ ಐಬಿಎಂ ಸಂಸ್ಥೆಯ ಬೆರಳಚ್ಚು ಯಂತ್ರಗಳಿಗಾಗಿ ಹೊವಾರ್ಡ್ ಕೆಟ್ಲರ್ ರೂಪಿಸಿದ ‘ಕೊರಿಯರ್’ ಈ ಬಗೆಯದು. ಇದರ 12 ಪಾಯಿಂಟ್ ಗಾತ್ರದಲ್ಲಿ ಒಂದು ಅಂಗುಲಕ್ಕೆ ಸರಿಯಾಗಿ 10 ಅಕ್ಷರಗಳು ಹಿಡಿಯುವುದರಿಂದ ಅಂಕಿಗಳು ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತವೆ. ಲೆಕ್ಕಪತ್ರದ ಕೋಷ್ಟಕಗಳಿಗೆ ಇದು ಅನುಕೂಲ. ಅಮೆರಿಕ ಸಂಯುಕ್ತ ಸಂಸ್ಥಾನದ ವಿದೇಶಾಂಗ ಇಲಾಖೆಯು ತನ್ನ ಪತ್ರವ್ಯವಹಾರದಲ್ಲಿ ಕೊರಿಯರ್ ನ್ಯೂ ಅಕ್ಷರವನ್ನು ಬಳಸುತ್ತಿದ್ದು, 2004ರ ಫೆಬ್ರವರಿ 1ರಿಂದ 14 ಪಾಯಿಂಟ್‌ನ ಟೈಮ್ಸ್ ನ್ಯೂ ರೋಮನ್‌ಗೆ ಬದಲಾಯಿಸಿತು. 2023ರಲ್ಲಿ ಕ್ಯಾಲಿಬ್ರಿಗೆ, 2025ರ ಡಿಸೆಂಬರ್‌ನಲ್ಲಿ ಪುನಃ ಟೈಮ್ಸ್ ನ್ಯೂ ರೋಮನ್‌ಗೆ ಬದಲಾವಣೆಯಾಯಿತು. ಕಚೇರಿಗಳು ಅಕ್ಷರದ ಆಯ್ಕೆಯನ್ನು ಅಲಂಕಾರದ ವಿಷಯವೆಂದು ಪರಿಗಣಿಸುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಅನೇಕ ಹಳೆಯ ಬೆರಳಚ್ಚು ಯಂತ್ರಗಳಲ್ಲಿ ಅಂಕಿ 1ಕ್ಕೆ ಕೀಲಿಯೇ ಇರಲಿಲ್ಲ. ಇಂಗ್ಲಿಷ್ ಸಣ್ಣಕ್ಷರ ‘ಎಲ್’ ಅನ್ನೇ ಒಂದು ಎಂದು ಒತ್ತಲಾಗುತ್ತಿತ್ತು. ಕಾಗದದ ಮೇಲೆ ಇದರಿಂದ ಬಾಧಕವಿರಲಿಲ್ಲ. ಆದರೆ ಗಣಕಯಂತ್ರಕ್ಕೆ ಇವೆರಡೂ ಬೇರೆ ಬೇರೆ. ಹಳೆಯ ಅಭ್ಯಾಸದಂತೆ ಖಾತೆ ಸಂಖ್ಯೆಯಲ್ಲಿ 1ರ ಬದಲು ‘ಎಲ್’ ಒತ್ತಿದಲ್ಲಿ ಸಂಖ್ಯೆ ಹೊಂದಾಣಿಕೆಯಾಗುವುದಿಲ್ಲ.

6. ಗುರುತಿನ ಸಂಖ್ಯೆಗಳು ಮತ್ತು ಅಕ್ಷರರೂಪ

ಇಂಗ್ಲಿಷ್ ದೊಡ್ಡಕ್ಷರ ‘ಐ’, ಸಣ್ಣಕ್ಷರ ‘ಎಲ್’ ಮತ್ತು ಅಂಕಿ 1 ಹಾಗೂ ದೊಡ್ಡಕ್ಷರ ‘ಓ’ ಮತ್ತು ಸೊನ್ನೆ, ಇವು ಪರಸ್ಪರ ಗೊಂದಲಕ್ಕೆ ಎಡೆಮಾಡುವ ಚಿಹ್ನೆಗಳು. ಸೆರಿಫ್ ಇಲ್ಲದ ಏರಿಯಲ್‌ನಲ್ಲಿ ‘ಐ’ ಮತ್ತು ‘ಎಲ್’ ಎರಡೂ ಬರಿಯ ಕಂಬಗಳಾಗಿ ಕಾಣುತ್ತವೆ. ಸ್ಲ್ಯಾಬ್ ಸೆರಿಫ್‌ನಲ್ಲಿ ‘ಐ’ಗೆ ಮೇಲೂ ಕೆಳಗೂ ಹಲಗೆ ಇರುವುದರಿಂದ ಅದು ಸ್ಪಷ್ಟವಾಗುತ್ತದೆ. ಆದರೆ ‘ಎಲ್’ ಮತ್ತು 1 ಎರಡಕ್ಕೂ ಕೆಳಗೆ ಪಾದ, ಮೇಲೆ ಎಡಕ್ಕೆ ಚಾಚು ಇರುವುದರಿಂದ ಅವು ಇನ್ನಷ್ಟು ಹತ್ತಿರವಾಗುತ್ತವೆ. ಹೀಗಾಗಿ ಯಾವುದೇ ಶೈಲಿಯೂ ಸಂಪೂರ್ಣ ಪರಿಹಾರವಲ್ಲ. ಸಂಖ್ಯೆಯ ರಚನೆಯನ್ನು ಅರಿತಿದ್ದಲ್ಲಿ ತಪ್ಪನ್ನು ಅರ್ಜಿದಾರರೇ ಪತ್ತೆಹಚ್ಚಬಹುದು.

ಪ್ಯಾನ್: ಒಟ್ಟು 10 ಸ್ಥಾನಗಳು. ಮೊದಲ 5 ಇಂಗ್ಲಿಷ್ ಅಕ್ಷರಗಳು, ನಂತರದ 4 ಅಂಕಿಗಳು, ಕೊನೆಯದು ಅಕ್ಷರ. ಆದ್ದರಿಂದ ಆರರಿಂದ ಒಂಬತ್ತನೆಯ ಸ್ಥಾನದಲ್ಲಿ ವೃತ್ತಾಕಾರದ ಚಿಹ್ನೆ ಕಂಡಲ್ಲಿ ಅದು ಸೊನ್ನೆಯೇ ಹೊರತು ‘ಓ’ ಅಲ್ಲ.

ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ): ಒಟ್ಟು 11 ಸ್ಥಾನಗಳು. ಮೊದಲ 4 ಅಕ್ಷರಗಳು ಬ್ಯಾಂಕನ್ನು ಸೂಚಿಸುತ್ತವೆ. ಐದನೆಯದು ಯಾವಾಗಲೂ ಸೊನ್ನೆ. ಉಳಿದ 6 ಶಾಖೆಯನ್ನು ಸೂಚಿಸುತ್ತವೆ. ಐದನೆಯ ಸ್ಥಾನದಲ್ಲಿ ‘ಓ’ ಒತ್ತದಂತೆ ಎಚ್ಚರ ವಹಿಸುವುದು.

ಆಧಾರ್: 12 ಸ್ಥಾನಗಳೂ ಅಂಕಿಗಳೇ.

ವಾಹನ ಗುರುತಿನ ಸಂಖ್ಯೆ: ಅಂತರರಾಷ್ಟ್ರೀಯ ಮಾನಕದ 17 ಸ್ಥಾನಗಳ ಸಂಖ್ಯೆಯಲ್ಲಿ ‘ಐ’, ‘ಓ’ ಮತ್ತು ‘ಕ್ಯೂ’ ಅಕ್ಷರಗಳನ್ನು ಬಳಸುವುದಿಲ್ಲ. 1 ಮತ್ತು 0 ಅಂಕಿಗಳೊಂದಿಗೆ ಗೊಂದಲವಾಗಬಾರದೆಂಬುದೇ ಇದರ ಉದ್ದೇಶ.

ದಪ್ಪ ಓರೆ ರೂಪದಲ್ಲಿ ಅಪಾಯ ಹೆಚ್ಚು. 6, 8, 9 ಮತ್ತು 0 ಅಂಕಿಗಳ ಒಳಗಿನ ಬಿಳಿಯ ಜಾಗ ಗೆರೆ ದಪ್ಪವಾದಂತೆ ಕಿರಿದಾಗುತ್ತದೆ. ಇಂತಹ ಪುಟದ ನೆರಳಚ್ಚು ಪ್ರತಿಯ ಮೇಲೆ ಮತ್ತೊಂದು ಪ್ರತಿ ತೆಗೆದಾಗ, ಅಥವಾ ಕಡಿಮೆ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿದಾಗ, ಆ ಜಾಗ ಮುಚ್ಚಿಹೋಗಿ 8 ಮತ್ತು 6ರ ವ್ಯತ್ಯಾಸ ತಿಳಿಯದಂತಾಗಬಹುದು. ಸಾಮಾನ್ಯ ದಪ್ಪದ ನೇರ ಅಂಕಿಗಳು ಇಂತಹ ಪ್ರತಿಗಳಲ್ಲಿ ಹೆಚ್ಚು ಕಾಲ ಉಳಿಯುತ್ತವೆ.

7. ಕನ್ನಡ ಅಕ್ಷರಗಳಿಗೆ ಅನ್ವಯ

ಸೆರಿಫ್ ಮತ್ತು ಇಟಾಲಿಕ್ ರೋಮನ್ ಲಿಪಿಯ ಪರಂಪರೆಗೆ ಸೇರಿದವು. ಕನ್ನಡಕ್ಕೆ ತಲೆಕಟ್ಟು ಇದೆ, ಪಾದವಿಲ್ಲ. ಬಹುಪಾಲು ಕನ್ನಡ ಫಾಂಟ್‌ಗಳಲ್ಲಿ ಪ್ರತ್ಯೇಕವಾಗಿ ಬರೆದ ಓರೆ ರೂಪವಿರುವುದಿಲ್ಲ. ಓರೆಯ ಗುಂಡಿಯನ್ನು ಒತ್ತಿದಾಗ ತಂತ್ರಾಂಶವು ನೇರ ಅಕ್ಷರವನ್ನೇ ಯಾಂತ್ರಿಕವಾಗಿ ವಾಲಿಸುತ್ತದೆ. ಇದರಿಂದ ದುಂಡಾದ ಅಕ್ಷರಗಳು ಸೊಟ್ಟಗಾಗಿ, ಒತ್ತಕ್ಷರಗಳು ತಾವು ಸೇರಬೇಕಾದ ಅಕ್ಷರದಿಂದ ಸರಿದಂತೆ ಕಾಣುತ್ತವೆ. ದಪ್ಪ ರೂಪವಿಲ್ಲದ ಫಾಂಟ್‌ಗಳನ್ನೂ ತಂತ್ರಾಂಶವು ಇದೇ ರೀತಿ ಬಲವಂತವಾಗಿ ದಪ್ಪಗೊಳಿಸುತ್ತದೆ.

ಕನ್ನಡದಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸವು ಅನೇಕ ಅಕ್ಷರಗಳಲ್ಲಿ ಕೆಳಭಾಗದ ಒಂದು ಚಿಕ್ಕ ಸೀಳಿನ ಮೇಲೆ ನಿಂತಿದೆ: ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ, ಬ ಮತ್ತು ಭ. ‘ಹೊಟ್ಟೆ ಸೀಳಿದ’ ಅಕ್ಷರವೆಂದು ಮಕ್ಕಳಿಗೆ ಹೇಳಿಕೊಡುವ ಈ ಸೀಳು, ಸಣ್ಣ ಗಾತ್ರದ ದಪ್ಪ ಅಕ್ಷರದಲ್ಲಿ ಮಸಿ ತುಂಬಿ ಮುಚ್ಚಿಹೋಗುತ್ತದೆ. ಆಗ ‘ಧನ’ ಎಂಬುದು ‘ದನ’ ಆಗುತ್ತದೆ; ‘ಧನಂಜಯ’ ಎಂಬ ಹೆಸರು ‘ದನಂಜಯ’ ಎಂದು ದಾಖಲಾಗುವ ಸಂಭವವಿದೆ. ಶಾಲಾ ದಾಖಲೆ, ಪಡಿತರ ಚೀಟಿ ಹಾಗೂ ಬ್ಯಾಂಕ್ ಖಾತೆಗಳಲ್ಲಿ ಹೆಸರು ಒಂದೇ ರೀತಿ ಇರಬೇಕಾದ ಸಂದರ್ಭದಲ್ಲಿ ಈ ಒಂದು ಸೀಳಿನ ಲೋಪವು ತಿದ್ದುಪಡಿ ಅರ್ಜಿ, ಅಫಿಡವಿಟ್ ಮತ್ತು ಹಲವು ದಿನಗಳ ಓಡಾಟಕ್ಕೆ ಕಾರಣವಾಗಬಲ್ಲದು.

ಆದುದರಿಂದ ಕನ್ನಡದಲ್ಲಿ ಒತ್ತು ನೀಡಬೇಕಾದಲ್ಲಿ, ದಪ್ಪ ರೂಪವುಳ್ಳ ಫಾಂಟ್‌ನಲ್ಲಿ ದೊಡ್ಡ ಗಾತ್ರದ ನೇರ ದಪ್ಪ ಅಕ್ಷರವನ್ನು ಶೀರ್ಷಿಕೆಗೆ ಮಾತ್ರ ಬಳಸುವುದು ಸೂಕ್ತ.

8. ಅರ್ಜಿದಾರರು ಅನುಸರಿಸಬಹುದಾದ ಕ್ರಮ

(1) ಅರ್ಜಿಯ ನಮೂನೆಯಲ್ಲಿ ಅಕ್ಷರದ ಶೈಲಿ ಅಥವಾ ಗಾತ್ರದ ಬಗ್ಗೆ ಸೂಚನೆ ಇದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.

(2) ಸೂಚನೆ ಇಲ್ಲದಿದ್ದಲ್ಲಿ ಪಠ್ಯವನ್ನು ಸಾಮಾನ್ಯ ದಪ್ಪದ ನೇರ ಅಕ್ಷರದಲ್ಲಿ, 12 ಪಾಯಿಂಟ್ ಅಥವಾ ಅದಕ್ಕಿಂತ ದೊಡ್ಡ ಗಾತ್ರದಲ್ಲಿ ಸಿದ್ಧಪಡಿಸುವುದು.

(3) ದಪ್ಪ ಅಕ್ಷರವನ್ನು ‘ವಿಷಯ’ ಎಂಬ ಸಾಲಿಗೆ ಮತ್ತು ಶೀರ್ಷಿಕೆಗಳಿಗೆ ಮೀಸಲಿಡುವುದು. ಇಂಗ್ಲಿಷ್ ಅರ್ಜಿಯಲ್ಲಿ ದಪ್ಪ ಓರೆ ಸ್ಲ್ಯಾಬ್ ಸೆರಿಫ್ ಬಳಸುವ ಇಚ್ಛೆಯಿದ್ದಲ್ಲಿ ಒಂದು ಶೀರ್ಷಿಕೆಗೆ ಸೀಮಿತಗೊಳಿಸುವುದು.

(4) ಹೆಸರು, ವಿಳಾಸ, ದಿನಾಂಕ, ಖಾತೆ ಸಂಖ್ಯೆ ಹಾಗೂ ಗುರುತಿನ ಸಂಖ್ಯೆಗಳನ್ನು ಓರೆ ಅಕ್ಷರದಲ್ಲಿ ಮುದ್ರಿಸದಿರುವುದು.

(5) ಕಡತವನ್ನು ಬೇರೆ ಗಣಕಯಂತ್ರದಲ್ಲಿ ಮುದ್ರಿಸುವುದಾದರೆ ಪಿಡಿಎಫ್ ರೂಪದಲ್ಲಿ, ಫಾಂಟ್ ಸಹಿತ ಉಳಿಸಿಕೊಳ್ಳುವುದು. ಫಾಂಟ್ ಇಲ್ಲದ ಯಂತ್ರದಲ್ಲಿ ತಂತ್ರಾಂಶವು ಬೇರೊಂದು ಅಕ್ಷರವನ್ನು ತಾನಾಗಿ ಹಾಕಿ, ಸಾಲುಗಳನ್ನೂ ಪುಟಗಳನ್ನೂ ಬದಲಿಸಿಬಿಡಬಹುದು.

(6) ಸಲ್ಲಿಸುವ ಮುನ್ನ ಪುಟದ ಒಂದು ನೆರಳಚ್ಚು ಪ್ರತಿ ತೆಗೆದು, ಆ ಪ್ರತಿಯಲ್ಲಿ ಹೆಸರು ಮತ್ತು ಸಂಖ್ಯೆಗಳನ್ನು ಮನೆಯ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ ನೋಡುವುದು. ಅವರು ತಡವರಿಸಿದ ಸ್ಥಳವೇ ಕಚೇರಿಯಲ್ಲಿಯೂ ತಪ್ಪಾಗಬಹುದಾದ ಸ್ಥಳ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮೂನೆಯಲ್ಲಿ ‘ಬ್ಲಾಕ್ ಅಕ್ಷರಗಳಲ್ಲಿ ತುಂಬಿ’ ಎಂದಿದೆ. ಇದು ದಪ್ಪ ಅಕ್ಷರವೇ?
ಉತ್ತರ: ಅಲ್ಲ. ಇಂಗ್ಲಿಷ್‌ನಲ್ಲಿ ಬ್ಲಾಕ್ ಅಕ್ಷರವೆಂದರೆ ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿ ಬರೆದ ದೊಡ್ಡಕ್ಷರ. ಲೇಖನಿಯಿಂದ ತಿದ್ದಿ ತಿದ್ದಿ ದಪ್ಪ ಮಾಡುವ ಅಗತ್ಯವಿಲ್ಲ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲದ ಕಾರಣ ಅಕ್ಷರಗಳನ್ನು ಕೂಡಿಸದೆ ಸ್ಪಷ್ಟವಾಗಿ ಬರೆದರೆ ಸಾಕು.

ಪ್ರಶ್ನೆ: ದಪ್ಪ ಅಕ್ಷರದಲ್ಲಿರುವ ಕೋರಿಕೆಗೆ ಹೆಚ್ಚಿನ ಮಹತ್ವ ದೊರೆಯುವುದೇ?
ಉತ್ತರ: ಕೋರಿಕೆಯ ಅರ್ಹತೆಯು ಅದರ ಅಂಶ ಹಾಗೂ ಲಗತ್ತಿಸಿದ ದಾಖಲೆಗಳನ್ನು ಅವಲಂಬಿಸಿರುತ್ತದೆ, ಅಕ್ಷರದ ದಪ್ಪವನ್ನಲ್ಲ. ಪುಟದ ಎಲ್ಲವೂ ದಪ್ಪವಾಗಿದ್ದಲ್ಲಿ ಮುಖ್ಯ ಕೋರಿಕೆ ಯಾವುದೆಂದು ಗುರುತಿಸುವುದೇ ಕಷ್ಟವಾಗುತ್ತದೆ.

ಪ್ರಶ್ನೆ: ಮೊಬೈಲ್ ದೂರವಾಣಿಯಲ್ಲಿ ದೊರೆಯುವ ‘ಅಲಂಕಾರಿಕ’ ದಪ್ಪ ಓರೆ ಇಂಗ್ಲಿಷ್ ಅಕ್ಷರಗಳನ್ನು ಆನ್‌ಲೈನ್ ಅರ್ಜಿಯಲ್ಲಿ ಬಳಸಬಹುದೇ?
ಉತ್ತರ: ಬಳಸಬಾರದು. ಇವುಗಳಲ್ಲಿ ಅನೇಕವು ನಿಜವಾಗಿ ಫಾಂಟ್‌ಗಳಲ್ಲ. ಗಣಿತದ ಬರವಣಿಗೆಗಾಗಿ 2001ರಲ್ಲಿ ಯುನಿಕೋಡ್‌ಗೆ ಸೇರಿಸಲಾದ ಪ್ರತ್ಯೇಕ ಚಿಹ್ನೆಗಳು. ಕಣ್ಣಿಗೆ ಹೆಸರಿನಂತೆ ಕಂಡರೂ ಗಣಕಯಂತ್ರದ ದಾಖಲೆಯಲ್ಲಿ ಅದು ಬೇರೆಯೇ ಆಗಿರುವುದರಿಂದ ಹೊಂದಾಣಿಕೆಯಾಗದಿರಬಹುದು.

ಪ್ರಶ್ನೆ: ಕನ್ನಡದಲ್ಲಿಯೂ ಇಂತಹ ತೊಂದರೆ ಇದೆಯೇ?
ಉತ್ತರ: ಇದೆ. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿದಲ್ಲಿ ಪದವು ಸರಿಯಾಗಿರುವಂತೆಯೇ ಕಾಣುತ್ತದೆ. ಆದರೆ ಹುಡುಕಿದಾಗ ದೊರೆಯುವುದಿಲ್ಲ. ಹಾಗೆಯೇ ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತ ಕ್ರಮದಲ್ಲಿ ಒತ್ತಿದ ಪಠ್ಯವನ್ನು ಯುನಿಕೋಡ್ ಆಧಾರಿತ ಪುಟಕ್ಕೆ ಅಂಟಿಸಿದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಆನ್‌ಲೈನ್ ಅರ್ಜಿಗಳಲ್ಲಿ ಯುನಿಕೋಡ್ ಕನ್ನಡವನ್ನೇ ಬಳಸುವುದು.

ಪ್ರಶ್ನೆ: ದೃಷ್ಟಿದೋಷವುಳ್ಳವರು ಹಾಗೂ ಓದುವ ತೊಂದರೆಯುಳ್ಳವರಿಗೆ ಯಾವ ಅಕ್ಷರ ಅನುಕೂಲ?
ಉತ್ತರ: ಬ್ರಿಟಿಷ್ ಡಿಸ್‌ಲೆಕ್ಸಿಯಾ ಸಂಘದ ಮಾರ್ಗಸೂಚಿಯು ಓರೆ ಅಕ್ಷರ ಮತ್ತು ಅಡಿಗೆರೆಗಳನ್ನು ಬಿಟ್ಟು, ಒತ್ತಿಗಾಗಿ ದಪ್ಪ ಅಕ್ಷರವನ್ನು ಬಳಸಲು ಸಲಹೆ ನೀಡುತ್ತದೆ. ಪರದೆಯನ್ನು ಓದಿ ಹೇಳುವ ತಂತ್ರಾಂಶಗಳು ಸಾಮಾನ್ಯವಾಗಿ ದಪ್ಪ ಅಥವಾ ಓರೆ ಎಂಬುದನ್ನು ತಾವಾಗಿ ತಿಳಿಸುವುದಿಲ್ಲ. ಆದ್ದರಿಂದ ಮುಖ್ಯವಾದ ಸಂಗತಿಯನ್ನು ಅಕ್ಷರದ ರೂಪದಿಂದ ಮಾತ್ರವಲ್ಲದೆ ಪದಗಳಲ್ಲಿಯೂ ಹೇಳತಕ್ಕದ್ದು. ಉದಾಹರಣೆಗೆ, ಕೊನೆಯ ದಿನಾಂಕವನ್ನು ಬರಿದೆ ದಪ್ಪ ಮಾಡುವ ಬದಲು ‘ಕೊನೆಯ ದಿನಾಂಕ’ ಎಂದು ಬರೆದು ನಮೂದಿಸುವುದು.

10. ಸಾರಾಂಶ

ದಪ್ಪ ಓರೆ ಸ್ಲ್ಯಾಬ್ ಸೆರಿಫ್ ಅಕ್ಷರವು ದೂರದಿಂದ ಕರೆಯಲು, ಒಂದು ಸಾಲನ್ನು ಎತ್ತಿ ತೋರಿಸಲು ಹುಟ್ಟಿದ ಸಾಧನ. ಭಿತ್ತಿಪತ್ರದಲ್ಲಿ ಅದಕ್ಕೆ ಸರಿಯಾದ ಸ್ಥಾನವಿದೆ. ಅರ್ಜಿಯಾದರೋ ಹತ್ತಿರದಿಂದ, ಅಕ್ಷರ ಅಕ್ಷರವಾಗಿ ಓದಿ ದಾಖಲಿಸಬೇಕಾದ ಪತ್ರ. ಶೀರ್ಷಿಕೆ ದಪ್ಪವಾಗಿಯೂ, ವಿವರಗಳು ಸಾಮಾನ್ಯವಾಗಿಯೂ ಇದ್ದಲ್ಲಿ ಕಚೇರಿಯಲ್ಲಿ ಅರ್ಜಿಯನ್ನು ಗುರುತಿಸುವುದು ಹಾಗೂ ತಪ್ಪಿಲ್ಲದೆ ದಾಖಲಿಸುವುದು ಎರಡೂ ಸುಲಭವಾಗುತ್ತವೆ. ಅರ್ಜಿದಾರರು ಮೇಲ್ಕಂಡ ಅಂಶಗಳನ್ನು ಗಮನದಲ್ಲಿರಿಸಿಕೊಂಡು ತಮ್ಮ ಅರ್ಜಿಗಳನ್ನು ಸಿದ್ಧಪಡಿಸಿಕೊಳ್ಳಲು ಕೋರಲಾಗಿದೆ.